ಕೇಸ್ ಇದ್ದರೆ ಪಾಸ್‌ಪೋರ್ಟ್ ಸಿಗೋದೇ ಇಲ್ವಾ? (ಪ್ರತಿಕ್ರಿಯೆ)

ಗದಗಿನಲ್ಲಿ ಹೊಲದ ಬದುವಿನ ಜಗಳಕ್ಕೆ ತಮ್ಮನ ಮೇಲೆ ಕೇಸ್ ಆಗಿದೆ, ದುಬೈ ಕೆಲಸ ಕೈಗೆ ಬಂದಿದೆ, ಪಾಸ್‌ಪೋರ್ಟ್ ಸಿಗೋದೇ ಇಲ್ಲ ಅಂತ ಏಜೆಂಟ್ ಹೇಳಿದ ಎಂದು ಬರೆದಿದ್ದೀರಿ. ಅವನ ಮಾತಿಗೆ ಕೈಚೆಲ್ಲಬೇಡಿ.

ಮೊದಲು ಕೇಸ್ ಯಾವ ಹಂತದಲ್ಲಿದೆ ನೋಡಿ. ಬರೀ ಎಫ್‌ಐಆರ್ ಆಗಿದ್ದರೆ ಅದು ಅಡ್ಡಿಯಲ್ಲ, 2019ರಲ್ಲಿ ವಿದೇಶಾಂಗ ಸಚಿವಾಲಯವೇ ಹಾಗೆ ಸ್ಪಷ್ಟಪಡಿಸಿದೆ. ಚಾರ್ಜ್‌ಶೀಟ್ ಹೋಗಿ ಕೋರ್ಟು ಕೇಸ್ ಕೈಗೆತ್ತಿಕೊಂಡಿದ್ದರೆ ಮಾತ್ರ 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಅಡ್ಡ ಬರುತ್ತದೆ. ಅದಕ್ಕೂ ದಾರಿ ಇದೆ. 1993ರ ಆಗಸ್ಟ್ 25ರ ಅಧಿಸೂಚನೆ ಪ್ರಕಾರ, ಕೇಸ್ ನಡೆಯುತ್ತಿರುವ ಕೋರ್ಟಿನಿಂದಲೇ ವಿದೇಶಕ್ಕೆ ಹೋಗಲು ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡುತ್ತಾರೆ. ಎಷ್ಟು ವರ್ಷಕ್ಕೆ ಅನ್ನುವುದನ್ನು ಆದೇಶದಲ್ಲೇ ಬರೆಸಿಕೊಳ್ಳಲು ವಕೀಲರಿಗೆ ಒತ್ತಿ ಹೇಳಿ. ಅವಧಿ ಬರೆಯದಿದ್ದರೆ ಒಂದೇ ವರ್ಷದ ಪಾಸ್‌ಪೋರ್ಟ್ ಬರುತ್ತದೆ, ಕೆಲಸಕ್ಕೆ ಹೋಗುವವನಿಗೆ ಅದು ಸಾಕಾಗುವುದಿಲ್ಲ ಅಲ್ವಾ?

ಆ ಆದೇಶ ಹಿಡಿದುಕೊಂಡು ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ. ಅರ್ಜಿಯಲ್ಲಿ ಕೇಸ್ ಮುಚ್ಚಿಡಲು ಏಜೆಂಟ್ ಹೇಳಿದರೆ ಖಂಡಿತ ಒಪ್ಪಬೇಡಿ. ಬೇಕೆಂದೇ ಸುಳ್ಳು ಬರೆದರೆ ಎರಡು ವರ್ಷದವರೆಗೆ ಜೈಲಾಗಬಹುದು.

ಇದು ಯಾರೋ ದಯೆಯಿಂದ ಕೊಡುವುದಲ್ಲ. 1977ರಲ್ಲಿ ಸರ್ಕಾರ ಮೇನಕಾ ಗಾಂಧಿ ಅವರ ಪಾಸ್‌ಪೋರ್ಟ್ ಕಿತ್ತುಕೊಂಡು ಕಾರಣ ಹೇಳಲೂ ಒಪ್ಪಲಿಲ್ಲ. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ಹಕ್ಕು, ಸುಮ್ನೆ ಮನಸ್ಸಿಗೆ ಬಂದಂತೆ ತಡೆಯುವಂತಿಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ತಮ್ಮನಿಗೂ ಅದೇ ಹಕ್ಕಿದೆ.

ಇನ್ನೊಂದು ಮಾತು: ತಮ್ಮ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಅಂಕಪಟ್ಟಿ ಜೊತೆಗಿರಲಿ. ಇಲ್ಲದಿದ್ದರೆ ದುಬೈ ಕೆಲಸಕ್ಕೆ ಎಮಿಗ್ರೇಷನ್ ಕ್ಲಿಯರೆನ್ಸ್ (ಹೊರದೇಶಕ್ಕೆ ಕೆಲಸಕ್ಕೆ ಹೋಗಲು ಸರ್ಕಾರ ಕೊಡುವ ಅನುಮತಿ) ಬೇರೆ ಬೇಕಾಗುತ್ತದೆ.