ಪದಬಂಧ ತುಂಬಿತು, ಥೀಮ್ ಮಾತ್ರ ಸಿಗಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ಪ್ರಶ್ನೆ: ಪದಬಂಧದ ಥೀಮ್, ಅಂದರೆ ಕೆಲವು ಉತ್ತರಗಳನ್ನು ಒಟ್ಟಿಗೆ ಕಟ್ಟುವ ಗುಟ್ಟಿನ ಎಳೆ, ಹಿಡಿಯುವುದು ಹೇಗೆ? ಕೇಳುವ ಧಾಟಿ ಬೇರೆ, ಸಿಟ್ಟು ಒಂದೇ. ಹಾಗಾಗಿ ಅದಕ್ಕೆ ಉದ್ದದ ಉತ್ತರ ಬರೆದಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಒತ್ತಕ್ಷರಕ್ಕೆ ಎಷ್ಟು ಚೌಕ, ಸುಳಿವಿನ ಪಕ್ಕದ ಅಂಕಿ ಏನು ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಒಂದು ವಾರ ಪದಬಂಧ ಬಿಡಿಸಿ, ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಪದಬಂಧವನ್ನು ಕಂಡುಹಿಡಿದವರು ಯಾರು?

ಆರ್ಥರ್ ವಿನ್. 1913ರ ಡಿಸೆಂಬರ್ 21ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಂತು. ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ಥೀಮ್ ಇರುವ ಪದಬಂಧ ಬಿಡಿಸಿದೆ. ಎಲ್ಲ ಚೌಕವೂ ತುಂಬಿತು. ‘ಕುರಿತು’, ‘ಎಳೆಗೂಸು’, ‘ಹೊಕ್ಕುಳಬಳ್ಳಿ’, ‘ಆಡುಭಾಷೆ’ ಅಂತ ಬಂತು. ಕಡೇ ಸಾಲಿನಲ್ಲಿ ‘ಸಂಜೆಯಾದರೆ ಇವೆಲ್ಲ ಸೇರುವ ಜಾಗ, ಮೇಲಿನ ನಾಲ್ಕು ಉತ್ತರಗಳ ಬಾಗಿಲಲ್ಲೇ ನೋಡಿ’ ಅಂತ ಸುಳಿವು. ಉತ್ತರ ‘ಕೊಟ್ಟಿಗೆ’. ಕೂಸಿಗೂ ಕೊಟ್ಟಿಗೆಗೂ ಏನು ಸಂಬಂಧ ಸ್ವಾಮಿ? ಥೀಮ್ ಅಂತ ಹೆಸರಿಟ್ಟು ಸುಮ್ನೆ ಯಾಮಾರಿಸ್ತಾರಾ?

ಯಾರೂ ಯಾಮಾರಿಸಿಲ್ಲ. ನೀವು ಕಳಿಸಿದ ಫೋಟೋ ನೋಡಿದೆ. ಚೌಕ ತುಂಬಿದೆ ನಿಜ, ಪದಬಂಧ ಬಿಡಿಸಿಲ್ಲ. ‘ಎಳೆಗೂಸು’ವಿನ ಮೊದಲ ಚೌಕದಿಂದ ಕೆಳಕ್ಕೆ ‘ಎರಟೆ’ ಅಂತ ಬರೆದಿದ್ದೀರಿ. ಸುಳಿವು ‘ಕೆಲಸವಿಲ್ಲದವರ ಮಾತು’. ಎರಟೆ ಅಂದರೇನು? ಹರಟೆ ಅಲ್ವಾ ಅದು? ‘ಹ’ ಬಂದ ಕೂಡಲೇ ಎಳೆಗೂಸು ಹೋಗಿ ಹಸುಗೂಸು ಆಗುತ್ತದೆ. ತೊಟ್ಟಿಲಲ್ಲಿ ಮಲಗಿರುವುದಕ್ಕೆ ಎರಡೂ ಹೊಂದುತ್ತದೆ, ಎರಡಕ್ಕೂ ನಾಲ್ಕೇ ಚೌಕ, ಆದರೆ ಹಸು ಇರುವುದು ಒಂದರಲ್ಲಿ ಮಾತ್ರ.

ಈಗ ‘ಕುರಿತು’ ನೋಡಿ. ಬಾಗಿಲಲ್ಲಿ, ಅಂದರೆ ಪದದ ಶುರುವಿನಲ್ಲಿ, ಕುರಿ. ‘ಆಡು’ ಅಂತೂ ನಿಮ್ಮ ಕಣ್ಣ ಮುಂದೆಯೇ ಇತ್ತು. ಕುರಿ, ಹಸು, ಆಡು. ಇಷ್ಟು ಕೈಗೆ ಸಿಕ್ಕ ಮೇಲೆ ನಡುವಿನ ಐದು ಚೌಕದಲ್ಲಿ ಏನಿರಬೇಕು? ‘ತಾಯಿ ಮಗುವಿನ ನಂಟು’ ಅನ್ನುವ ಸುಳಿವಿಗೆ ನೀವು ಹೊಕ್ಕುಳಬಳ್ಳಿ ಹಾಕಿದ್ದೀರಿ. ಅದೂ ಐದೇ ಚೌಕ, ಅರ್ಥವೂ ಸರಿ. ಆ ಸಾಲಿನಲ್ಲಿ ನಡುವಿನ ‘ಳ’ ಒಂದನ್ನು ಬಿಟ್ಟರೆ ಯಾವ ಚೌಕಕ್ಕೂ ಮೇಲಿನಿಂದ ಕೆಳಕ್ಕೆ ಪದವೇ ಇಲ್ಲ, ಆ ‘ಳ’ವೂ ಎರಡು ಪದಕ್ಕೂ ಹೊಂದುತ್ತದೆ. ಇದು ರಚಿಸಿದವರ ಸೋಮಾರಿತನ. ನಾನಾಗಿದ್ದರೆ ನಾಲ್ಕು ಚೌಕವನ್ನು ಹೀಗೆ ಒಂಟಿಯಾಗಿ ಬಿಡುತ್ತಿರಲಿಲ್ಲ. ಆದರೆ ಇಂಥ ಕಡೆಯೇ ಥೀಮ್ ಕೈ ಹಿಡಿಯುವುದು. ಕೊಟ್ಟಿಗೆಗೆ ಸೇರುವ, ಎರಡಕ್ಷರದ, ಮುಂದೆ ‘ಳಬಳ್ಳಿ’ ಅಂಟಿಸಿದರೆ ಅರ್ಥ ಬರುವ ಪ್ರಾಣಿ? ಕರು. ಕರುಳಬಳ್ಳಿ.

ಕಡೇದು ‘ಪುಸ್ತಕದ್ದಲ್ಲ, ಬೀದಿಯದ್ದು’. ಇಲ್ಲಿ ಥೀಮ್ ನಿಮ್ಮನ್ನು ಅರ್ಧ ದಾರಿಗೆ ಬಿಟ್ಟುಹೋಗುತ್ತದೆ, ಯಾಕೆಂದರೆ ಆಡುಭಾಷೆಯಲ್ಲೂ ಆಡು ಇದೆ, ಆಡುಮಾತಿನಲ್ಲೂ ಇದೆ. ತೀರ್ಮಾನ ಮಾಡುವುದು ಮೂರನೇ ಚೌಕದಿಂದ ಕೆಳಕ್ಕೆ ಇಳಿಯುವ ಪದ. ಸುಳಿವು ‘ಕೊಳ್ಳುವುದರ ವಿರುದ್ಧ’. ನೀವು ‘ಭಾರಾಟ’ ಅಂತ ಬರೆದು ಮುಂದೆ ಹೋಗಿದ್ದೀರಿ. ಭಾರಾಟ! ಮಾರಾಟ ಕಣ್ರೀ. ಅಡ್ಡ ಸಾಲು ಚೆನ್ನಾಗಿ ಬಂತು ಅನ್ನುವ ಖುಷಿಯಲ್ಲಿ ಕೆಳಗಿಳಿಯುವ ಪದವನ್ನು ಓದದೇ ಇರುವುದು ಈ ಪತ್ರಗಳಲ್ಲಿ ನಾನು ಕಾಣುವ ಅತಿ ದೊಡ್ಡ ಕಾಯಿಲೆ.

ಇನ್ನು ಥೀಮ್ ಹುಡುಕುವ ಕ್ರಮ. ಅದನ್ನು ಕಡೆಗೆ ಸಿಗುವ ಬಹುಮಾನ ಅಂತ ಕಾಯಬೇಡಿ. ಅದು ಬಿಡಿಸುವಾಗಲೇ ಬಳಸಬೇಕಾದ ಉಪಕರಣ. ಥೀಮ್ ಪದಗಳು ಸಾಮಾನ್ಯವಾಗಿ ಉದ್ದದ ಉತ್ತರಗಳು, ಮತ್ತು ಜೋಡಿಯಾಗಿ ಕೂತಿರುತ್ತವೆ. ಕಪ್ಪು ಚೌಕಗಳ ವಿನ್ಯಾಸ ಪುಟವನ್ನು ತಲೆಕೆಳಗು ಮಾಡಿದರೂ ಹಾಗೇ ಕಾಣುವಂತೆ ಹೆಣೆಯುವುದು ವಾಡಿಕೆ. ನಿಮ್ಮ ಪದಬಂಧದಲ್ಲೇ ನೋಡಿ: ಮೇಲೆ ಮೂರು ಚೌಕದ ಕುರಿತು, ಕೆಳಗೆ ಅದಕ್ಕೆ ಎದುರಾಗಿ ಮೂರು ಚೌಕದ ಕೊಟ್ಟಿಗೆ. ಹಸುಗೂಸಿಗೆ ಎದುರು ಆಡುಮಾತು, ನಾಲ್ಕಕ್ಕೆ ನಾಲ್ಕು. ನಡುವೆ ಒಂಟಿಯಾಗಿ ಕರುಳಬಳ್ಳಿ. ಒಂದು ಥೀಮ್ ಪದ ಸಿಕ್ಕಿದರೆ ಅದರ ಜೊತೆಗಾರ ಎಲ್ಲಿದೆ ಅಂತ ಹೀಗೆ ಗೊತ್ತಾಗುತ್ತದೆ.

ಎರಡು ಸಿಕ್ಕ ಕೂಡಲೇ ಪೆನ್ನು ಕೆಳಗಿಡಿ. ಎರಡನ್ನೂ ಒಂದರ ಕೆಳಗೊಂದು ಬರೆಯಿರಿ. ಅರ್ಥ ಮರೆತು ಬರೀ ಅಕ್ಷರ ನೋಡಿ. ಶುರುವಿನಲ್ಲಿ ಏನಾದರೂ ಇದೆಯಾ, ಕೊನೆಯಲ್ಲಿ ಇದೆಯಾ, ಎರಡು ಪದ ಸೇರುವ ಕಡೆ ಅವಿತಿದೆಯಾ? ಏನೋ ಹೊಳೆಯಿತು ಅಂದರೆ ಮೂರನೆಯದಕ್ಕೆ ಹೊಂದಿಸಿ ನೋಡಿ. ಮೂರಕ್ಕೂ ಒಂದೇ ಜಾಗದಲ್ಲಿ ಒಂದೇ ತರಹ ಹೊಂದದಿದ್ದರೆ ಅದು ಥೀಮ್ ಅಲ್ಲ, ನಿಮ್ಮ ಆಸೆ. ಇನ್ನೊಂದು ಪರೀಕ್ಷೆಯೂ ಇದೆ. ಒಳ್ಳೆಯ ರಚನೆಕಾರರು ಪ್ರಾಣಿಯನ್ನು ಪ್ರಾಣಿಯಾಗಿ ಇಡುವುದಿಲ್ಲ. ಕುರಿತು ಅನ್ನುವುದರ ಅರ್ಥದಲ್ಲಿ ಕುರಿ ಇಲ್ಲ, ಆಡುಮಾತಿನ ಅರ್ಥದಲ್ಲಿ ಮೇಕೆ ಇಲ್ಲ. ಅಲ್ಲಿ ‘ಕುರಿಮರಿ’ ಅಂತ ಪದ ಹಾಕಿದ್ದರೆ ನಾನು ಆ ಪದಬಂಧವನ್ನು ವಾಪಸ್ ಕಳಿಸುತ್ತಿದ್ದೆ.

ಗುಟ್ಟು ಬಿಚ್ಚುವ ಸುಳಿವು ಬಹಳ ಸಲ ಕಡೇ ಸಾಲುಗಳಲ್ಲೇ ಇರುತ್ತದೆ. ಅದನ್ನೇ ಮೊದಲು ಓದುವುದು ಮೋಸ ಅಂತ ಕೆಲವರು ಉಪದೇಶ ಮಾಡುತ್ತಾರೆ. ಅದೂ ಅದೇ ಪುಟದಲ್ಲಿ ಅಚ್ಚಾಗಿದೆ, ಮೋಸ ಎಲ್ಲಿಂದ ಬಂತು? ಓದಿ. ಕನ್ನಡದಲ್ಲಿ ಇನ್ನೊಂದು ಅನುಕೂಲವೂ ಇದೆ. ಇಂಗ್ಲಿಷಿನಲ್ಲಿ ಒಂದು ಚೌಕ ಸಿಕ್ಕರೆ 26ರಲ್ಲಿ ಒಂದು ಅಕ್ಷರ ಸಿಕ್ಕಂತೆ, ಅಷ್ಟೇ. ನಮ್ಮಲ್ಲಿ ‘ಸು’ ಸಿಕ್ಕರೆ ವ್ಯಂಜನವೂ ಸಿಕ್ಕಿತು, ಕೊಂಬೂ ಸಿಕ್ಕಿತು. ಎರಡು ಚೌಕದಿಂದಲೇ ಹಸು ಹಿಡಿಯಬಹುದು. ಆದರೆ ಹ್ರಸ್ವ ದೀರ್ಘ ಒಂದೇ ಅಂತ ‘ಕರು’ ಇರಬೇಕಾದ ಕಡೆ ‘ಕಾರು’ ತಂದು ನಿಲ್ಲಿಸಬೇಡಿ.

ಪ್ರಶ್ನೆ: ದಿನಾ ಪದಬಂಧ ಬಿಡಿಸಿದರೆ ವಯಸ್ಸಾದ ಮೇಲೆ ಮರೆವಿನ ಕಾಯಿಲೆ ಬರುವುದಿಲ್ಲವಂತೆ, ಹೌದಾ?

ಹಾಗಂತ ಗ್ಯಾರಂಟಿ ಕೊಡುವವರು ಏನೋ ಮಾರಲು ಬಂದಿದ್ದಾರೆ. ಪದಬಂಧ ಬಿಡಿಸಿದರೆ ಪದಬಂಧ ಬಿಡಿಸುವುದು ಚೆನ್ನಾಗಿ ಬರುತ್ತದೆ, ಅಷ್ಟು ನಾನು ಹೇಳಬಲ್ಲೆ. ಮರೆವು ಜಾಸ್ತಿ ಆಗಿದ್ದರೆ ನನಗಲ್ಲ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಒಂದೇ ಪದಬಂಧಕ್ಕೆ ಎರಡು ಸರಿ ಉತ್ತರ ಇರಬಹುದಾ?

ಬೇಕೆಂದೇ ಹೆಣೆದಿದ್ದರೆ ಇರಬಹುದು. 1996ರ ನವೆಂಬರ್ 5, ಅಮೆರಿಕದ ಅಧ್ಯಕ್ಷ ಚುನಾವಣೆಯ ದಿನ. ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಜೆರೆಮಾಯಾ ಫ್ಯಾರೆಲ್ ರಚಿಸಿದ ಪದಬಂಧ ಬಂತು. ನಾಳಿನ ಪತ್ರಿಕೆಯ ಮುಖ್ಯ ಸುದ್ದಿ ಯಾವುದು ಅಂತ ಸುಳಿವು. ಅಲ್ಲಿ ‘ಕ್ಲಿಂಟನ್’ ಅಂತ ಬರೆದರೂ ಸರಿ, ‘ಬಾಬ್ ಡೋಲ್’ ಅಂತ ಬರೆದರೂ ಸರಿ. ಇಂಗ್ಲಿಷಿನಲ್ಲಿ ಎರಡಕ್ಕೂ ಏಳು ಅಕ್ಷರ. ಹ್ಯಾಲೋವೀನ್‌ನ ಕಪ್ಪು ಪ್ರಾಣಿ ಅನ್ನುವ ಸುಳಿವಿಗೆ ಕ್ಯಾಟ್ ಅಂತ ಬರೆದವರಿಗೆ ಕ್ಲಿಂಟನ್ ಗೆದ್ದ, ಬ್ಯಾಟ್, ಅಂದರೆ ಬಾವಲಿ, ಅಂತ ಬರೆದವರಿಗೆ ಬಾಬ್ ಡೋಲ್ ಗೆದ್ದ, ಯಾಕೆಂದರೆ ಆ ಪದದ ಮೊದಲ ಅಕ್ಷರವೇ ಹೆಸರಿನ ಮೊದಲ ಅಕ್ಷರ. ದಾಟಿ ಹೋಗುವ ಏಳು ಪದಗಳಿಗೂ ಹೀಗೆ ಎರಡೆರಡು ಉತ್ತರ. ಪತ್ರಿಕೆ ಮೊದಲೇ ಫಲಿತಾಂಶ ಹೇಳಿಬಿಟ್ಟಿದೆ ಅಂತ ಓದುಗರು ಫೋನ್ ಮಾಡಿ ಜಗಳ ಆಡಿದ್ದರು. ಇದನ್ನು ನೆಪ ಮಾಡಿಕೊಂಡು ‘ಎರಟೆ’ಯೂ ಸರಿ ಅಂತ ಮತ್ತೆ ಪತ್ರ ಬರೆಯಬೇಡಿ.

ಪ್ರಶ್ನೆ: ವಾರದ ಯಾವ ದಿನದ ಪದಬಂಧ ಸುಲಭ?

ಅದೇ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಸೋಮವಾರದ್ದು ಸುಲಭ, ಶನಿವಾರದ್ದು ಕಷ್ಟ. ಶುಕ್ರವಾರ, ಶನಿವಾರ ಸಾಮಾನ್ಯವಾಗಿ ಥೀಮ್ ಇರುವುದಿಲ್ಲ. ಎಲ್ಲ ಪತ್ರಿಕೆಗೂ ಇದೇ ಲೆಕ್ಕ ಅಂದುಕೊಳ್ಳಬೇಡಿ.

ಪ್ರಶ್ನೆ: ‘ಪದೇ ಪದೇ ಬರುವ ಪದಗಳು’ ಅಂತ ಒಬ್ಬರು ಪಟ್ಟಿ ಮಾರುತ್ತಿದ್ದಾರೆ. ಕೊಳ್ಳಲಾ?

ಬೇಡ. ಆ ಪಟ್ಟಿಯನ್ನು ನೀವೇ ಹಳೇ ಉತ್ತರಗಳಿಂದ ಪುಕ್ಕಟೆ ಮಾಡಿಕೊಳ್ಳಬಹುದು.

ಪ್ರಶ್ನೆ: ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಾ ನಾನೇ ಉತ್ತರ ಹಾಕುತ್ತೇನೆ. ಆದರೂ ಯಾರಿಗೂ ಅರ್ಥ ಆಗಲ್ಲ ಅಂತಾರೆ.

ಉತ್ತರ ಹಾಕುವುದು ಬೇರೆ, ವಿವರಿಸುವುದು ಬೇರೆ. ‘ಹಸುಗೂಸು, ಸುಲಭ ಇತ್ತು’ ಅಂದರೆ ಯಾರಿಗೆ ಏನು ಗೊತ್ತಾಗುತ್ತದೆ? ಸುಳಿವು ಎಲ್ಲಿ ದಾರಿ ತಪ್ಪಿಸಿತು, ಯಾವ ತಪ್ಪು ಪದವೂ ಅಲ್ಲಿ ಹೊಂದುತ್ತಿತ್ತು, ಅದನ್ನು ಹೊಡೆದು ಹಾಕಿದ್ದು ಯಾವ ಅಕ್ಷರ, ಇದನ್ನು ಬರೆಯಿರಿ. ಥೀಮ್ ಗುಟ್ಟನ್ನು ಮೊದಲ ಸಾಲಿನಲ್ಲೇ ಒದರಬೇಡಿ, ಇನ್ನೂ ಬಿಡಿಸುತ್ತಾ ಕೂತವರು ಇರುತ್ತಾರೆ.

ಪ್ರಶ್ನೆ: ಒಂದು ಚೌಕದಲ್ಲಿ ಎರಡು ಅಕ್ಷರ ಬರೆಯಬಹುದಾ?

ಥೀಮ್ ಹಾಗೆ ಕೇಳಿದರೆ ಬರೆಯಬಹುದು. ಆಗ ಎಡದಿಂದ ಬಲಕ್ಕೂ ಮೇಲಿನಿಂದ ಕೆಳಕ್ಕೂ ಆ ಎರಡಕ್ಷರ ಹೊಂದಬೇಕು, ಮತ್ತು ಅಂಥ ಚೌಕ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಇರುತ್ತವೆ. ಪದ ಹಿಡಿಸಲಿಲ್ಲ ಅಂತ ತುರುಕಿದ್ದಾದರೆ ಅಳಿಸಿ.