ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದರೆ

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಎರಡು ವರ್ಷದ ಹಿಂದೆ ಆಟಿಸಂ ಇದೆ ಎಂದು ಗೊತ್ತಾಯಿತು. ಆಸ್ಪತ್ರೆಯ ಬೆಳಕು, ಗದ್ದಲಕ್ಕೆ ನನ್ನ ತಲೆ ಕೆಲಸ ಮಾಡುವುದೇ ನಿಂತುಹೋಗುತ್ತದೆ. ಡಾಕ್ಟರು ‘ಹೇಗಿದ್ದೀರಿ’ ಎಂದರೆ ‘ಚೆನ್ನಾಗಿದ್ದೀನಿ’ ಎಂದುಬಿಡುತ್ತೇನೆ. ‘ನೋವು ಹತ್ತರಲ್ಲಿ ಎಷ್ಟು’ ಎಂದರೆ ಮಾತೇ ಹೊರಡಲ್ಲ. ಮನೆಗೆ ಬಂದ ಮೇಲೆ ಹೇಳಬೇಕಿದ್ದುದೆಲ್ಲ ನೆನಪಾಗುತ್ತದೆ. ನಾನು ನಾಟಕ ಮಾಡುತ್ತೇನೆ ಎಂದು ಅವರಿಗೆ ಅನ್ನಿಸುತ್ತದೆಯೇನೋ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ನೀವು ನಾಟಕ ಮಾಡುತ್ತಿಲ್ಲ ತಂಗಿ. ಆ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಆಟಿಸಂ ಇರುವವರ ಮೆದುಳು ಹುಟ್ಟಿನಿಂದಲೇ ಸ್ವಲ್ಪ ಬೇರೆ ರೀತಿ ಕೆಲಸ ಮಾಡುತ್ತದೆ, ಅಷ್ಟೇ.

ನಾನು ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. ನನಗೆ ಆಟಿಸಂ ಇದೆ ಎಂದು ಗೊತ್ತಾಗಿದ್ದು 41ನೇ ವಯಸ್ಸಿನಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲು ಮೆಟ್ಟಿಲಲ್ಲಿ ಜಾರಿ ಬಲಗೈ ಊರಿ ಬಿದ್ದೆ. ಮಣಿಕಟ್ಟು ಊದಿಕೊಂಡಿತು. ಆಸ್ಪತ್ರೆಗೆ ಹೋದಾಗ ನನಗೂ ಇದೇ ಪ್ರಶ್ನೆ ಬಂತು, ಹತ್ತರಲ್ಲಿ ಎಷ್ಟು? ನಾನು ನಿಜವಾಗಿಯೂ ಲೆಕ್ಕ ಹಾಕಿದೆ. ಹತ್ತು ಅಂದರೆ ಊಹಿಸಬಹುದಾದ ಅತಿ ದೊಡ್ಡ ನೋವು. ಮೈಯೆಲ್ಲ ಸುಟ್ಟರೆ ಹತ್ತು ಇರಬಹುದು. ಹಾಗಾದರೆ ಇದು ಮೂರು. ‘ಮೂರು’ ಎಂದೆ. ನನ್ನ ಮುಖದಲ್ಲೂ ನೋವು ಕಾಣುತ್ತಿರಲಿಲ್ಲ. ಕಾಲು ಗಂಟೆಯಿಂದ ಗೋಡೆಯ ಮೇಲಿನ ಗಡಿಯಾರವನ್ನೇ ನೋಡುತ್ತ ಕೂತಿದ್ದೆ. ಮುಲಾಮು, ಕಟ್ಟಿಕೊಳ್ಳಲು ಬ್ಯಾಂಡೇಜ್ ಕೊಟ್ಟು ಕಳಿಸಿದರು. ಐದು ದಿನ ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದೆ. ಅಕ್ಷರಗಳು ಇಳಿಜಾರಿನಲ್ಲಿ ಉರುಳುವ ಹಾಗೆ ಇದ್ದವು. ಆರನೇ ದಿನ ಬೇರೆ ಕಡೆ ಎಕ್ಸ್‌ರೇ ತೆಗೆಸಿದಾಗ ಮೂಳೆ ಮುರಿದಿರುವುದು ಗೊತ್ತಾಯಿತು.

‘ಸೀಮೆಸುಣ್ಣ ಹಿಡಿಯಲು ಆಗುತ್ತಾ’ ಎಂದು ಅವತ್ತು ಯಾರಾದರೂ ಕೇಳಿದ್ದರೆ ‘ಇಲ್ಲ’ ಎಂದು ತಕ್ಷಣ ಹೇಳುತ್ತಿದ್ದೆ. ನಿಮಗೆ ಹೇಳಬೇಕಾದದ್ದೂ ಇಷ್ಟೇ. ನೋವಿಗೆ ಅಂಕ ಕೊಡಲು ಹೋಗಬೇಡಿ. ನೋವಿನಿಂದ ಯಾವ ಕೆಲಸ ನಿಂತಿದೆ ಎಂದು ಹೇಳಿ.

ಒಳಗೆ ಏನೋ ಆಗುತ್ತಿರುತ್ತದೆ, ಅದಕ್ಕೆ ಹೆಸರು ಸಿಗುವುದಿಲ್ಲ. ಈ ಸ್ಥಿತಿಗೆ 1970ರ ದಶಕದಲ್ಲಿ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯರು ಅಲೆಕ್ಸಿಥೈಮಿಯಾ ಎಂದು ಹೆಸರಿಟ್ಟರು. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದು ಇರುತ್ತದೆ. ಹಸಿವು, ಬಾಯಾರಿಕೆ, ನೋವಿನಂಥ ಮೈಯೊಳಗಿನ ಸುದ್ದಿಯೇ ನಮ್ಮಲ್ಲಿ ಕೆಲವರಿಗೆ ತಡವಾಗಿ ಮುಟ್ಟುತ್ತದೆ, ಇನ್ನು ಕೆಲವರಿಗೆ ವಿಪರೀತ ಜೋರಾಗಿ ಮುಟ್ಟುತ್ತದೆ.

ಈಗ ನಾನು ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿಯೇ ಅರ್ಧ ಹಾಳೆ ಬರೆದಿಟ್ಟುಕೊಳ್ಳುತ್ತೇನೆ. ಹೋದ ಸಲದ್ದು ಹೀಗಿತ್ತು: ‘ಹೊಟ್ಟೆಯ ಎಡಭಾಗದಲ್ಲಿ, ಕೆಳಗೆ ನೋವು. ಸೋಮವಾರ ರಾತ್ರಿ ಶುರುವಾಯಿತು. ಎರಡು ರಾತ್ರಿ ನಿದ್ದೆ ಇಲ್ಲ. ನಿನ್ನೆಯಿಂದ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗುತ್ತಿಲ್ಲ. ನನಗೆ ಆಟಿಸಂ ಇದೆ. ನೋವು ಹೆಚ್ಚಾದಷ್ಟೂ ನನ್ನ ಮಾತು ಕಡಿಮೆಯಾಗುತ್ತದೆ, ಮುಖದಲ್ಲಿ ನೋವು ಕಾಣುವುದಿಲ್ಲ. ಮುಟ್ಟುವ ಮೊದಲು ದಯವಿಟ್ಟು ಹೇಳಿ.’ ಒಳಗೆ ಹೋದ ಕೂಡಲೇ ಇದನ್ನು ಕೈಗೆ ಕೊಡುತ್ತೇನೆ. ‘ಹೇಗಿದ್ದೀರಿ’ ಎಂಬ ಮಾತು ಬರುವುದಕ್ಕೂ ಮೊದಲೇ ಕೊಡಬೇಕು. ಬಂದರೆ ಬಾಯಿ ತಾನಾಗಿಯೇ ‘ಚೆನ್ನಾಗಿದ್ದೀನಿ’ ಎಂದುಬಿಡುತ್ತದೆ, ಅಲ್ವಾ? ಡಾಕ್ಟರು ಹೇಳಿದ್ದನ್ನೂ ಅದೇ ಹಾಳೆಯ ಹಿಂದೆ ಬರೆದುಕೊಡಲು ಕೇಳುತ್ತೇನೆ.

ಬೆಳಕಿನ ವಿಷಯ. ಹಳೇ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಅಥವಾ 120 ಸಲ ಮಿನುಗುತ್ತದೆ. ಹೆಚ್ಚಿನವರ ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಕೆಲವರಿಗೆ ಅದರ ಕೆಳಗೆ ಕೂತರೆ ತಲೆ ಸಿಡಿಯುತ್ತದೆ. ಬೆಳಕು, ಸದ್ದು, ಸ್ಪರ್ಶ ಅತಿಯಾಗಿ ತಟ್ಟುವುದನ್ನು 2013ರಲ್ಲಿ ಬಂದ ಡಿಎಸ್‌ಎಂ-5, ಅಂದರೆ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ, ಆಟಿಸಂನ ಲಕ್ಷಣಗಳ ಪಟ್ಟಿಯಲ್ಲೇ ಸೇರಿಸಿದೆ. ಹಾಗಾಗಿ ದಿನದ ಮೊದಲ ಅಪಾಯಿಂಟ್‌ಮೆಂಟ್ ಕೇಳಿ. ಹೊರಗೆ ಕಾಯುತ್ತೇನೆ, ಸರದಿ ಬಂದಾಗ ಫೋನ್ ಮಾಡಿ ಎನ್ನಿ. ಟೋಪಿ, ಹೆಡ್‌ಫೋನ್ ಹಾಕಿಕೊಂಡೇ ಕೂತಿರಿ. ಸಂಕೋಚ ಬೇಡ.

ಆಟಿಸಂ ಇರುವವರಿಗೆ ಬೇರೆಯವರು ಅರ್ಥವಾಗುವುದಿಲ್ಲ ಎಂದು ಬಹಳ ಕಾಲ ಹೇಳುತ್ತ ಬಂದರು. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಬೇರೆಯೇ ಮಾತು ಹೇಳಿದರು. ಅರ್ಥವಾಗದಿರುವುದು ಎರಡೂ ಕಡೆಯಿಂದ ಎಂದರು. ಅದು ನಿಜವೆಂದೇ ನನಗೂ ಅನ್ನಿಸುತ್ತದೆ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಂಟೆಂಟು ಜನರ ಸಾಲು ಮಾಡಿ, ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸಲು ಹೇಳಿದರು. ಆಟಿಸಂ ಇರುವವರೇ ತುಂಬಿದ್ದ ಸಾಲಿನಲ್ಲೂ ಕಥೆ ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ಕೊನೆ ಮುಟ್ಟಿತು. ನಮಗೆ ಮಾತು ದಾಟಿಸಲು ಬರುತ್ತದೆ. ಆದ್ದರಿಂದ ಡಾಕ್ಟರಿಗೆ ನೀವು ಅರ್ಥವಾಗದಿದ್ದರೆ ತಪ್ಪೆಲ್ಲ ನಿಮ್ಮದೇ ಎಂದುಕೊಳ್ಳಬೇಡಿ. ಹಾಳೆ ಓದದೆ ಪಕ್ಕಕ್ಕಿಡುವ ಡಾಕ್ಟರು ಸಿಕ್ಕರೆ, ಸಾಧ್ಯವಿದ್ದಲ್ಲಿ ಬೇರೆಯವರ ಹತ್ತಿರ ಹೋಗಿ. ನಾನು ಹೋಗಿದ್ದೇನೆ.

ಪ್ರಶ್ನೆ: ನಾನು ಐದನೇ ತರಗತಿಯ ಟೀಚರ್. ಒಬ್ಬ ಹುಡುಗ ಬಾಯಲ್ಲಿ ಎಲ್ಲ ಉತ್ತರ ಹೇಳುತ್ತಾನೆ, ಬರೆಯಲು ಕೊಟ್ಟರೆ ನಾಲ್ಕು ಸಾಲೂ ಆಗುವುದಿಲ್ಲ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದರೂ ಓದು ಬರಹ ಕಷ್ಟವಾಗುವ ತೊಂದರೆ, ಇರಬಹುದು ಎಂದು ನನ್ನ ಅನುಮಾನ. ಸಹೋದ್ಯೋಗಿಗಳು ಸೋಮಾರಿತನ ಅನ್ನುತ್ತಾರೆ. ಅವನೊಬ್ಬನಿಗೆ ಬಾಯಲ್ಲಿ ಪರೀಕ್ಷೆ ಮಾಡಿದರೆ ಉಳಿದ ಮಕ್ಕಳಿಗೆ ಅನ್ಯಾಯ ಆಗುವುದಿಲ್ಲವೇ?

ಉತ್ತರ: ನಿಮ್ಮ ಹುಡುಗನಂಥವನೇ ಒಬ್ಬ 1896ರಲ್ಲಿ ಇಂಗ್ಲೆಂಡಿನಲ್ಲಿದ್ದ. ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಅವನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 14 ವರ್ಷದ ಹುಡುಗ, ಹೆಸರು ಪರ್ಸಿ. 749ನ್ನು 867ರಿಂದ ಗುಣಿಸು ಎಂದರೆ ಸರಸರ ಗುಣಿಸಿದ. ತನ್ನ ಹೆಸರು ಬರೆ ಎಂದರೆ ಅಕ್ಷರ ಅದಲುಬದಲಾಗಿ ‘ಪ್ರೆಸಿ’ ಎಂದು ಬರೆದ. ಪಾಠವೆಲ್ಲ ಬಾಯಿಮಾತಿನಲ್ಲೇ ಇದ್ದಿದ್ದರೆ ಇವನೇ ಶಾಲೆಗೆ ಅತಿ ಚುರುಕಾದ ಹುಡುಗ ಆಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದರು. ಅವನನ್ನು ಯಾರು ಸೋಮಾರಿ ಅನ್ನುತ್ತಾರೆ?

ಮಳೆ ಹೇಗೆ ಬರುತ್ತದೆ ಎಂದು ಕೇಳುವಾಗ ನಿಮಗೆ ಬೇಕಿರುವುದು ಮಳೆಯ ವಿಷಯ. ಅದನ್ನು ಬಾಯಲ್ಲೇ ಕೇಳಿ. ಕಾಗುಣಿತದ ಪರೀಕ್ಷೆಯನ್ನು ಬೇರೆ ದಿನ ಮಾಡಿ.

ಅನ್ಯಾಯದ ಪ್ರಶ್ನೆಗೆ ನನ್ನ ತರಗತಿಯಲ್ಲೇ ಆದದ್ದು ಹೇಳುತ್ತೇನೆ. ಒಬ್ಬ ಹುಡುಗಿ ಬೋರ್ಡ್ ನೋಡಿ ನೋಟ್ಸ್ ಇಳಿಸಿಕೊಳ್ಳಲು ಒದ್ದಾಡುತ್ತಿದ್ದಳು. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ತಲೆ ಎತ್ತಿ ಒಂದು ಪದ ನೋಡುವಳು, ತಲೆ ತಗ್ಗಿಸಿ ಬರೆಯುವಳು. ಮತ್ತೆ ತಲೆ ಎತ್ತಿದಾಗ ಯಾವ ಸಾಲಿನಲ್ಲಿದ್ದೆ ಎಂಬುದೇ ಕಳೆದುಹೋಗಿರುತ್ತಿತ್ತು. ಮೇಲಿನಿಂದ ಹುಡುಕಲು ಶುರು. ಮಾರನೇ ದಿನದಿಂದ ಅದೇ ನೋಟ್ಸನ್ನು ಹಾಳೆಯಲ್ಲಿ ಬರೆದು ಅವಳ ಡೆಸ್ಕಿನ ಮೇಲಿಟ್ಟೆ. ವಾರದೊಳಗೆ ಇನ್ನೂ ಮೂವರು ಮಕ್ಕಳು ‘ನಮಗೂ ಹಾಳೆ ಕೊಡಿ ಮಿಸ್’ ಎಂದರು. ಕೊಟ್ಟೆ. ಅವರಿಗೂ ಅದು ಬೇಕಾಗಿತ್ತು, ಕೇಳುವುದು ಹೇಗೆಂದು ತಿಳಿದಿರಲಿಲ್ಲ. ಬೇಡ ಎಂದವರು ಬೋರ್ಡ್ ನೋಡಿಯೇ ಬರೆದರು. ಯಾರೂ ಅನ್ಯಾಯ ಎನ್ನಲಿಲ್ಲ.

ಒಂದು ಎಚ್ಚರಿಕೆ. ಬಾಯಲ್ಲಿ ಕೇಳುತ್ತೇವಲ್ಲ ಎಂದು ಓದು ಕಲಿಸುವುದನ್ನು ನಿಲ್ಲಿಸಬೇಡಿ. ಯಾವ ಅಕ್ಷರಕ್ಕೆ ಯಾವ ಧ್ವನಿ ಎಂದು ಹಂತಹಂತವಾಗಿ, ಬಿಡಿಸಿ ಬಿಡಿಸಿ ಕಲಿಸಿದರೆ ಇಂಥ ಮಕ್ಕಳ ಓದು ಸುಧಾರಿಸುತ್ತದೆ. ತಂದೆತಾಯಿಯ ಜೊತೆ ಮಾತಾಡಿ, ತಜ್ಞರಿಂದ ಪರೀಕ್ಷೆ ಮಾಡಿಸಿ. ನಿಮ್ಮ ಅನುಮಾನವನ್ನು ಸುಮ್ನೆ ಮುಂದಿನ ವರ್ಷದ ಟೀಚರಿಗೆ ದಾಟಿಸಬೇಡಿ.

ಪ್ರಶ್ನೆ: ನನ್ನ ಯಜಮಾನರಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇದೆ. ಏನು ಹೇಳಿದರೂ ‘ಆಯ್ತು’ ಅನ್ನುತ್ತಾರೆ, ಹತ್ತು ನಿಮಿಷಕ್ಕೆ ಮರೆತಿರುತ್ತಾರೆ. ನನ್ನ ಮೇಲೆ ಪ್ರೀತಿಯೇ ಇಲ್ಲವೇನೋ ಅನ್ನಿಸುತ್ತದೆ.

ಉತ್ತರ: ಅವರು ‘ಆಯ್ತು’ ಎಂದಾಗ ಮನಸ್ಸಿನಿಂದಲೇ ಹೇಳಿರುತ್ತಾರೆ. ಕೇಳಿದ್ದನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಎಡಿಎಚ್‌ಡಿ ಇರುವ ಅನೇಕರಲ್ಲಿ ಕಡಿಮೆ. ಪ್ರೀತಿಯನ್ನು ನೆನಪಿನಿಂದ ಅಳೆಯಬೇಡಿ. ಆದರೆ ನಿಮ್ಮ ದಣಿವೂ ನಿಜ. ಅವರ ನೆನಪನ್ನೂ ನೀವೇ ಹೊರಬೇಕು ಎಂದು ನಾನು ಹೇಳುವುದಿಲ್ಲ. ಇನ್ನೊಂದು ಕೋಣೆಯಿಂದ ಕೂಗಿ ಹೇಳುವುದನ್ನು ಬಿಡಿ, ಎದುರು ನಿಂತು ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಬಾಗಿಲ ಪಕ್ಕ, ಹೊರಗೆ ಹೋಗುವಾಗ ಕಣ್ಣಿಗೆ ಬೀಳುವ ಕಡೆ ಒಂದು ಬರೆಯುವ ಬೋರ್ಡ್ ಇರಲಿ. ‘ಆಯ್ತು’ ಎಂದ ಕ್ಷಣವೇ ಅದರ ಮೇಲೆ ಬರೆಯಬೇಕು ಎಂದು ಇಬ್ಬರೂ ಕೂತು ಮಾತಾಡಿಕೊಳ್ಳಿ. ಬರೆಯುವ ಕೈ ಅವರದೇ ಆಗಿರಲಿ.