ಟ್ಯೂಬ್ ಆ್ಯಂಪೋ ಮಾಡೆಲರೋ: ಮೊದಲು ಎಲ್ಲಿ ನುಡಿಸ್ತೀರಿ ಹೇಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ಎಲೆಕ್ಟ್ರಿಕ್ ಗಿಟಾರಿಗೆ ಟ್ಯೂಬ್ ಆ್ಯಂಪ್ ತಗೊಳ್ಳಲೋ, ಮಾಡೆಲರ್ ತಗೊಳ್ಳಲೋ. ಹೋದ ಸಲವೂ ಅದೇ ಆಗಿತ್ತು. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಗಾಜಿನ ಟ್ಯೂಬುಗಳಿಂದ ಸದ್ದು ಹಿಗ್ಗಿಸುವುದು ಟ್ಯೂಬ್ ಆ್ಯಂಪ್, ಅಂಥ ಆ್ಯಂಪುಗಳ ಸೌಂಡನ್ನು ಡಿಜಿಟಲ್ ಆಗಿ ಅನುಕರಿಸುವುದು ಮಾಡೆಲರ್; ಅದಕ್ಕಿಂತ ಹೆಚ್ಚು ವಿವರಿಸುತ್ತಾ ಕೂರುವುದಿಲ್ಲ. ಎಲೆಕ್ಟ್ರಿಕ್ ಗಿಟಾರ್ ಹಿಡಿದವರಿಗೆ ಅಷ್ಟು ಗೊತ್ತಿರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ವಾಸ. ಆಫೀಸು ಮುಗಿಸಿ ರಾತ್ರಿ ಗಿಟಾರ್ ನುಡಿಸುತ್ತೇನೆ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಜ್ಯಾಮಿಂಗ್ ರೂಮಿಗೆ ಹೋಗುತ್ತೇನೆ. 15 ವ್ಯಾಟಿನ ಟ್ಯೂಬ್ ಆ್ಯಂಪ್ ತಗೊಳ್ಳುವ ಆಸೆ. ಮಾಡೆಲರ್‌ನಲ್ಲಿ ನಿಜವಾದ ಟ್ಯೂಬ್ ಸೌಂಡ್ ಬರಲ್ಲ ಅಂತ ಎಲ್ಲರೂ ಹೇಳ್ತಾರೆ. ಮನೆಗೆ 15 ವ್ಯಾಟ್ ಸಾಕಲ್ವಾ?

ಸಾಕಾಗುವ ಮಾತಲ್ಲ, ವಿಪರೀತ ಜಾಸ್ತಿ. ಗಿಟಾರ್ ಆ್ಯಂಪಿನ 12 ಇಂಚಿನ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬಲ್ ಬರುತ್ತದೆ. 15 ವ್ಯಾಟ್ ಕೊಟ್ಟರೆ 110ರ ಆಸುಪಾಸು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬಲ್ ಮಿತಿ ಇದೆ. ನಡುವಿನ ಅಂತರವನ್ನು ಯಾವ ಅಪಾರ್ಟ್‌ಮೆಂಟಿನ ಗೋಡೆಯೂ ನುಂಗುವುದಿಲ್ಲ. ‘ಹಾಗಾದರೆ 5 ವ್ಯಾಟಿನದ್ದು ತಗೊಳ್ತೀನಿ’ ಅನ್ನಬೇಡಿ. 15ರಿಂದ 5ಕ್ಕೆ ಇಳಿದರೆ ಕಮ್ಮಿಯಾಗುವುದು ಸುಮಾರು 5 ಡೆಸಿಬಲ್ ಅಷ್ಟೇ. ಕಿವಿಗೆ ಸದ್ದು ಅರ್ಧ ಆಯ್ತು ಅನ್ನಿಸಬೇಕಾದರೆ ವ್ಯಾಟು ಹತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕು.

ವಾಲ್ಯೂಮ್ ಒಂದರಲ್ಲಿಟ್ಟು ನುಡಿಸಬಹುದಲ್ಲ ಅಂತ ಕೇಳುತ್ತೀರಿ. ನುಡಿಸಬಹುದು. ಆದರೆ ನೀವು ಯಾವ ಸೌಂಡಿಗೆ ಆಸೆಪಟ್ಟಿರೋ ಅದು ಸ್ಪೀಕರಿಗೆ ಶಕ್ತಿ ಕೊಡುವ ಪವರ್ ಟ್ಯೂಬ್, ಆ ಶಕ್ತಿಯನ್ನು ಸ್ಪೀಕರಿಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಮೂರೂ ಬೆವರು ಹರಿಸಿದಾಗ ಬರುವಂಥದ್ದು. ಒಂದರಲ್ಲಿಟ್ಟಾಗ ಕೆಲಸ ಮಾಡುವುದು ಹೆಚ್ಚಾಗಿ ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಪ್ರೀಆ್ಯಂಪ್ ಟ್ಯೂಬ್ ಮಾತ್ರ. ಪೂರ್ತಿ ದುಡ್ಡು ಕೊಟ್ಟು ಅರ್ಧ ಆ್ಯಂಪ್ ಬಳಸಿದ ಹಾಗೆ. ಆ್ಯಂಪಿಗೂ ಸ್ಪೀಕರಿಗೂ ನಡುವೆ ಅಟೆನ್ಯುಯೇಟರ್ (ಆ್ಯಂಪಿನ ಶಕ್ತಿಯಲ್ಲಿ ಹೆಚ್ಚಿನದನ್ನು ತಾನೇ ನುಂಗುವ ಪೆಟ್ಟಿಗೆ) ಹಾಕಿದರೆ ಟ್ಯೂಬುಗಳು ಪೂರ್ತಿ ದುಡಿಯುತ್ತವೆ, ನಿಜ. ಆದರೆ ಸ್ಪೀಕರ್ ಅಲುಗಾಡುವುದಿಲ್ಲ. ಜೊತೆಗೆ, ಸದ್ದು ಸಣ್ಣದಾದಾಗ ನಮ್ಮ ಕಿವಿಗೆ ಬೇಸ್, ಟ್ರೆಬಲ್ ಎರಡೂ ಕಮ್ಮಿ ಕೇಳುತ್ತದೆ.

ಈಗ ‘ಮಾಡೆಲರ್‌ನಲ್ಲಿ ಬರಲ್ಲ’ ಎನ್ನುವ ಮಾತಿಗೆ ಬರೋಣ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಎಂಬ ಮಾಡೆಲರ್ ಬಂದಾಗ ಈ ಮಾತಿಗೆ ಅರ್ಥ ಇತ್ತು. 2011ರಲ್ಲಿ ನಿಜವಾದ ಆ್ಯಂಪಿನ ಸೌಂಡನ್ನೇ ನಕಲು ಮಾಡುವ ಕೆಂಪರ್ ಬಂತು. ಈಗ ನ್ಯೂರಲ್ ಆ್ಯಂಪ್ ಮಾಡೆಲರ್ ಎಂಬ ಸಾಫ್ಟ್‌ವೇರ್ ಪುಕ್ಕಟೆಯಾಗಿ ಸಿಗುತ್ತದೆ. ಅದು ನಿಜವಾದ ಆ್ಯಂಪಿಗೆ ಒಂದು ಸಿಗ್ನಲ್ ಕೊಟ್ಟು, ಹೊರಗೆ ಬಂದದ್ದನ್ನು ನೋಡಿ ಕಲಿಯುತ್ತದೆ. ರೆಕಾರ್ಡ್ ಮಾಡಿದ ಎರಡು ಟ್ರ್ಯಾಕ್ ಇಟ್ಟು, ಯಾವುದು ಟ್ಯೂಬ್ ಅಂತ ಹೆಸರು ಹೇಳದೆ ಕೇಳಿಸಿ ನೋಡಿ. ಹೆಚ್ಚಿನವರು ಗುರುತು ಹಿಡಿಯಲಾರರು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಮತ್ತೆ ವ್ಯತ್ಯಾಸ ಅನ್ನಿಸುವುದು ಯಾಕೆ? ಮಾಡೆಲರ್ ಕೊಡುವುದು ಸ್ಪೀಕರ್ ಮುಂದೆ ಮೈಕ್ ಇಟ್ಟು ಹಿಡಿದ ಸೌಂಡ್. ಆ್ಯಂಪ್ ಎದುರು ನಿಂತಾಗ ನಿಮಗೆ ಕೇಳುವುದು ಸ್ಪೀಕರ್ ತಳ್ಳಿದ ಗಾಳಿ, ಪ್ಯಾಂಟು ಅದುರುತ್ತದೆ. ಇದು ಸ್ಪೀಕರಿಗೂ ಮೈಕಿಗೂ ಇರುವ ವ್ಯತ್ಯಾಸ. ಟ್ಯೂಬಿಗೂ ಡಿಜಿಟಲ್‌ಗೂ ಇರುವುದಲ್ಲ.

ದೂರು ಹೇಳುವವರಲ್ಲಿ ಹೆಚ್ಚಿನವರು ಮಾಡುವುದು ಏನು ಗೊತ್ತಾ? ಮಾಡೆಲರಿನ ಕ್ಯಾಬ್ ಸಿಮ್ಯುಲೇಷನ್ (ಸ್ಪೀಕರ್ ಪೆಟ್ಟಿಗೆಯ ಸೌಂಡಿನ ಅನುಕರಣೆ) ಆನ್ ಇಟ್ಟೇ, ಅದನ್ನು ಜ್ಯಾಮಿಂಗ್ ರೂಮಿನ ಗಿಟಾರ್ ಆ್ಯಂಪಿನ ಮುಂದಿನ ಇನ್‌ಪುಟ್‌ಗೆ ಚುಚ್ಚುತ್ತಾರೆ. ಒಂದು ಸ್ಪೀಕರಿನ ಸೌಂಡು ಇನ್ನೊಂದು ಸ್ಪೀಕರಿನಿಂದ ಹೊರಗೆ ಬರುತ್ತದೆ. ಕಂಬಳಿ ಹೊದಿಸಿದಂತೆ ಕೇಳದೆ ಇನ್ನೇನಾಗುತ್ತದೆ? ಪಿಎ (ಕಾರ್ಯಕ್ರಮಗಳ ದೊಡ್ಡ ಸ್ಪೀಕರ್ ವ್ಯವಸ್ಥೆ) ಅಥವಾ ಹೆಡ್‌ಫೋನ್‌ಗೆ ಹೋಗುವಾಗ ಕ್ಯಾಬ್ ಆನ್. ಗಿಟಾರ್ ಆ್ಯಂಪಿಗೆ ಹೋಗುವಾಗ ಕ್ಯಾಬ್ ಆಫ್, ಅದೂ ಪ್ರೀಆ್ಯಂಪ್ ಬಿಟ್ಟು ನೇರ ಪವರ್ ಭಾಗಕ್ಕೆ ಹೋಗುವ ಹಿಂದಿನ ಎಫೆಕ್ಟ್ಸ್ ರಿಟರ್ನ್‌ಗೆ. ರಾತ್ರಿ ಹೆಡ್‌ಫೋನ್‌ನಲ್ಲಿ ಕೂತು ಮಾಡಿದ ಸೆಟ್ಟಿಂಗನ್ನು ಜೋರು ವಾಲ್ಯೂಮಿನಲ್ಲಿ ಹಾಗೇ ಬಳಸಬೇಡಿ. ಬೇಸ್ ಗುಡುಗುತ್ತದೆ, ಟ್ರೆಬಲ್ ಕಿವಿ ಕೊರೆಯುತ್ತದೆ. ಎರಡನ್ನೂ ಇಳಿಸಿ ಇನ್ನೊಂದು ಪ್ಯಾಚ್ ಮಾಡಿಟ್ಟುಕೊಳ್ಳಿ.

ಕೆಲವರು ‘ತಡವಾಗಿ ಕೇಳುತ್ತೆ’ ಎನ್ನುತ್ತಾರೆ. ಒಳ್ಳೆಯ ಮಾಡೆಲರ್ ತಗೊಳ್ಳುವುದು ಕೆಲವೇ ಮಿಲಿಸೆಕೆಂಡ್. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಆ್ಯಂಪಿನಿಂದ ಮೂರು ಮೀಟರ್ ದೂರ ನಿಂತರೆ ಅಷ್ಟೋ ಅದಕ್ಕಿಂತ ಜಾಸ್ತಿಯೋ ತಡ ಆಗಿರುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಮಾಡೆಲರನ್ನು ಬೈಯುವುದು ಬಿಡಿ. ವೈರ್ ಇರುವುದನ್ನು ಹಾಕಿ.

ಟ್ಯೂಬ್ ಆ್ಯಂಪ್ ರಿಪೇರಿಯೇ ನನ್ನ ಕಸುಬು, ಅದರ ಮೇಲೆ ನನಗೆ ತುಂಬಾ ಪ್ರೀತಿ. ಐವತ್ತು ವರ್ಷ ಹಳೆಯ ಆ್ಯಂಪನ್ನು ಸೋಲ್ಡರಿಂಗ್ ಐರನ್, ನಾಲ್ಕು ಕೆಪಾಸಿಟರ್ ಇಟ್ಟುಕೊಂಡು ಎಬ್ಬಿಸಬಹುದು. ಮಾಡೆಲರಿನ ಬೋರ್ಡ್ ಹೋದರೆ ಕಂಪನಿಯೇ ಗತಿ. ಆದರೆ ಆ ಸೋಲ್ಡರಿಂಗ್ ಐರನ್ ಹಿಡಿಯಬಲ್ಲವರು ನಿಮ್ಮ ಊರಲ್ಲಿ ಇದ್ದಾರಾ? ನಮ್ಮ ಬೆಂಗಳೂರಿನ ಬಿಇಎಲ್ 1961ರಿಂದ ವಾಲ್ವ್, ಅಂದರೆ ಟ್ಯೂಬ್ ತಯಾರಿಸುತ್ತಿತ್ತು, ಅದರ ಇಸಿಸಿ83, ಇಎಲ್84 ಟ್ಯೂಬುಗಳನ್ನು ಇವತ್ತಿಗೂ ಹುಡುಕುವವರಿದ್ದಾರೆ. ಆ ಕಾಲ ಹೋಯಿತು. ಈಗ ಹೊಸ ಟ್ಯೂಬ್ ಬರುವುದು ಹೆಚ್ಚಾಗಿ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ.

ಹಾಗಾಗಿ ನಿಮಗೆ ನನ್ನ ಉತ್ತರ: ಮಾಡೆಲರ್ ತಗೊಳ್ಳಿ. ದೊಡ್ಡ ಯೂನಿಟ್ ಬೇಡ. ಲೈನ್ 6ರ ಎಚ್‌ಎಕ್ಸ್ ಸ್ಟಾಂಪ್‌ನಲ್ಲಿ ಇರುವುದು ದೊಡ್ಡ ಹೆಲಿಕ್ಸ್‌ನ ಆ್ಯಂಪ್ ಮಾಡೆಲ್‌ಗಳೇ. ಒಂದೇ ಸಲಕ್ಕೆ ಎಷ್ಟು ಎಫೆಕ್ಟ್ ಹಾಕಬಹುದು, ಎಷ್ಟು ಫುಟ್‌ಸ್ವಿಚ್ ಇವೆ, ಅಂಥದ್ದರಲ್ಲೇ ವ್ಯತ್ಯಾಸ. ಉಳಿದ ದುಡ್ಡಲ್ಲಿ ಒಳ್ಳೆಯ ಹೆಡ್‌ಫೋನ್ ತಗೊಳ್ಳಿ. ಟ್ಯೂಬ್ ಆ್ಯಂಪ್ ಇರುವ ಜ್ಯಾಮಿಂಗ್ ರೂಮ್ ಹುಡುಕಿ, ತಿಂಗಳಿಗೊಮ್ಮೆ ಅಲ್ಲಿ ಆಸೆ ತೀರುವಷ್ಟು ಜೋರಾಗಿ ನುಡಿಸಿ. ವಾಲ್ಯೂಮ್ ಐದಕ್ಕೆ ಏರಿಸಬಹುದಾದ ಜಾಗ ನಿಮ್ಮದೇ ಆದ ದಿನ ಟ್ಯೂಬ್ ಆ್ಯಂಪ್ ಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿರುವ ಚಿಕ್ಕಪ್ಪ ಬರುವಾಗ ಟ್ಯೂಬ್ ಆ್ಯಂಪ್ ತರುತ್ತಾರಂತೆ. ಅಡಾಪ್ಟರ್ ಹಾಕಿದರೆ ನಡೆಯುತ್ತಾ? (ಮಂಗಳೂರು)

ಪ್ಲಗ್ಗಿನ ಅಡಾಪ್ಟರ್ ಹಾಕಿದರೆ ಸುಟ್ಟುಹೋಗುತ್ತದೆ. ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ತರುವ ಮೊದಲೇ ಹಿಂದಿನ ಪ್ಲೇಟಿನ ಫೋಟೋ ಕಳಿಸಲು ಹೇಳಿ. 120 ವೋಲ್ಟ್, 60 ಹರ್ಟ್ಸ್ ಅಂತ ಮಾತ್ರ ಬರೆದಿದ್ದರೆ ಬೇಡ ಅನ್ನಿ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ನಮ್ಮ 50 ಹರ್ಟ್ಸನ್ನು 60 ಮಾಡುವುದಿಲ್ಲ. 60ಕ್ಕೆ ಮಾತ್ರ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಬಿಸಿಯಾಗುತ್ತದೆ.

ಪ್ರಶ್ನೆ: ಆರು ತಿಂಗಳಿಗೊಮ್ಮೆ ಎಲ್ಲ ಟ್ಯೂಬ್ ಬದಲಾಯಿಸಬೇಕು ಅಂತ ರಿಪೇರಿಯವರು ಹೇಳುತ್ತಾರೆ. ಹೌದಾ? (ಹುಬ್ಬಳ್ಳಿ)

ಅವರಿಗೆ ಟ್ಯೂಬ್ ಮಾರುವುದಿದೆ. ಸಣ್ಣ ಪ್ರೀಆ್ಯಂಪ್ ಟ್ಯೂಬುಗಳು ಎಷ್ಟೋ ವರ್ಷ ಬಾಳುತ್ತವೆ. ಪವರ್ ಟ್ಯೂಬ್ ಸೋತಾಗ ಬದಲಾಯಿಸಿದರೆ ಸಾಕು. ಬಯಸ್ (ನುಡಿಸದಿದ್ದಾಗ ಪವರ್ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ) ಸೆಟ್ ಮಾಡಬೇಕಾದ ಆ್ಯಂಪಾದರೆ, ಮೀಟರ್ ಇಡದೆ ಕಿವಿಯಲ್ಲೇ ಬಯಸ್ ಮಾಡುವವರ ಕೈಗೆ ಕೊಡಬೇಡಿ. ಟ್ಯೂಬ್ ಒಳಗೆ ಕಿತ್ತಳೆ ಬಣ್ಣದ ಬೆಳಕು ಸಹಜ. ಸುತ್ತಲಿನ ಬೂದು ಬಣ್ಣದ ತಗಡೇ ಕೆಂಪಗೆ ಕಾದರೆ ತಕ್ಷಣ ಆಫ್ ಮಾಡಿ. ನನ್ನ ಟೇಬಲ್ಲಿಗೆ ಬಂದ ಒಂದು ಆ್ಯಂಪಿನಲ್ಲಿ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿತ್ತು. ಫ್ಯೂಸ್ ಕಾಪಾಡಬೇಕಿದ್ದ ಟ್ರಾನ್ಸ್‌ಫಾರ್ಮರ್ ಕರಕಲಾಗಿತ್ತು. ಹಾಗಂತ ನೀವೇ ಬಿಚ್ಚಲೂ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 300, 400 ವೋಲ್ಟ್ ಉಳಿದಿರಬಹುದು.

ಪ್ರಶ್ನೆ: ಟ್ಯೂಬಿನ ಒಂದು ವ್ಯಾಟ್ ಟ್ರಾನ್ಸಿಸ್ಟರಿನ ಮೂರು ವ್ಯಾಟಿಗೆ ಸಮ ಅಲ್ವಾ?

ಅಲ್ಲ. ಟ್ಯೂಬ್ ಆ್ಯಂಪ್ ಒಡೆದ ಸೌಂಡಲ್ಲೂ ಕೇಳಲು ಹಿತವಾಗಿರುವುದರಿಂದ ಜನ ಅದನ್ನು ಇನ್ನೂ ಮೇಲೆ ಏರಿಸುತ್ತಾರೆ, ಅಷ್ಟೇ.

ಪ್ರಶ್ನೆ: ಚಿನ್ನದ ಪಿನ್ ಇರುವ ಟ್ಯೂಬ್ ಹಾಕಿದರೆ ಸೌಂಡ್ ಬದಲಾಗುತ್ತಾ?

ಇಲ್ಲ.

ಪ್ರಶ್ನೆ: ಸ್ಪೀಕರ್ ಜೋಡಿಸದೆ ಟ್ಯೂಬ್ ಆ್ಯಂಪ್ ಆನ್ ಮಾಡಬಹುದಾ?

ಬೇಡವೇ ಬೇಡ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಪ್ರಶ್ನೆ: ಆ್ಯಂಪಿನಿಂದ ‘ಗುಂಯ್’ ಸದ್ದು ಬರುತ್ತಿತ್ತು. ಆರ್ಕೆಸ್ಟ್ರಾದ ಸೌಂಡ್ ಹುಡುಗ ಪ್ಲಗ್ಗಿನ ಅರ್ಥ್ ಪಿನ್ ಕಿತ್ತ ಮೇಲೆ ನಿಂತಿತು. ಹೀಗೇ ಬಿಡಬಹುದಾ? (ದಾವಣಗೆರೆ)

ಖಂಡಿತ ಬೇಡ. ಒಳಗೆ ಎಲ್ಲಾದರೂ ಕರೆಂಟ್ ಸೋರಿ ಆ್ಯಂಪಿನ ಲೋಹದ ಮೈಗೆ ತಾಗಿದರೆ ಅದು ಹರಿದುಹೋಗಲು ಇದ್ದ ದಾರಿಯೇ ಆ ಪಿನ್. ಅದಿಲ್ಲದಿದ್ದರೆ ಗಿಟಾರಿನ ತಂತಿ ಹಿಡಿದ ನಿಮ್ಮ ಕೈಯಿಂದ, ಮೈಕ್ ತಾಗಿದ ತುಟಿಯಿಂದ ಹರಿಯುತ್ತದೆ. ಜೀವ ಹೋಗಬಹುದು. ಆ್ಯಂಪನ್ನೂ ಮಿಕ್ಸರನ್ನೂ ಒಂದೇ ಪ್ಲಗ್ ಪಾಯಿಂಟಿನಿಂದ ತಗೊಳ್ಳಿ. ಗುಂಯ್ ಸದ್ದಿಗೆ ಕಾರಣ ಗ್ರೌಂಡ್ ಲೂಪ್ (ಜೋಡಿಸಿದ ಎರಡು ಉಪಕರಣ ಬೇರೆ ಬೇರೆ ದಾರಿಯಲ್ಲಿ ಅರ್ಥ್ ಆಗುವುದು) ಆಗಿದ್ದರೆ ಸಾಮಾನ್ಯವಾಗಿ ಅಲ್ಲಿಗೆ ಕಮ್ಮಿಯಾಗುತ್ತದೆ. ಇಲ್ಲದಿದ್ದರೆ ಸಿಗ್ನಲ್ ಕೇಬಲ್ ನಡುವೆ ಡಿಐ ಬಾಕ್ಸ್ (ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಸಣ್ಣ ಪೆಟ್ಟಿಗೆ) ಹಾಕಿ, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಕಾರ್ಯಕ್ರಮದ ಹಾಲ್‌ನ ಪ್ಲಗ್ ಪಾಯಿಂಟಿನಲ್ಲಿ ಅರ್ಥ್ ಬರುತ್ತಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಕಿತ್ತ ಪಿನ್ ಇವತ್ತೇ ಹಾಕಿಸಿ, ಅಲ್ಲಿಯವರೆಗೆ ಆ ಆ್ಯಂಪ್ ಆನ್ ಮಾಡಬೇಡಿ.